ಯಂತ್ರ ಇಟ್ಟ ಚುಕ್ಕಿ, ಕೈ ಎಳೆದ ಎಳೆ

1991ರಲ್ಲಿ ನಾನು ಬೆಂಗಳೂರಿನ ಒಂದು ವಿನ್ಯಾಸ ಕಚೇರಿಯಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದೆ. ಸಂಜೆ ಎಲ್ಲರೂ ಹೊರಟ ಮೇಲೆ ಅಲ್ಲಿನ ಪೆನ್ ಪ್ಲಾಟರನ್ನು, ಅಂದರೆ ಕಂಪ್ಯೂಟರ್ ಹೇಳಿದಂತೆ ಪೆನ್ನಿನಿಂದ ಗೆರೆ ಎಳೆಯುವ ಯಂತ್ರವನ್ನು, ಸ್ವಂತ ಕೆಲಸಕ್ಕೆ ಬಳಸಲು ನನಗೆ ಅನುಮತಿಯಿತ್ತು. ಆರು ಪೆನ್ನುಗಳ, ಎ3 ಹಾಳೆಯನ್ನು ಹಿಡಿಯುವ ಎಚ್‌ಪಿ 7475ಎ ಅದು. ಪೆನ್ನು ಒಂದು ದಿಕ್ಕಿನಲ್ಲಿ ಓಡಿದರೆ ಹಾಳೆಯೇ ಇನ್ನೊಂದು ದಿಕ್ಕಿನಲ್ಲಿ ಹಿಂದಕ್ಕೂ ಮುಂದಕ್ಕೂ ಸರಿಯುತ್ತಿತ್ತು.

ಹೆರಾಲ್ಡ್ ಕೊಹೆನ್ ಅವರು ತಾವೇ ರೂಪಿಸಿದ ‘ಆರನ್’ ಎಂಬ ಪ್ರೋಗ್ರಾಂ ಬರೆದ ರೇಖಾಚಿತ್ರಗಳಿಗೆ ಕೈಯಿಂದ ಬಣ್ಣ ತುಂಬುತ್ತಿದ್ದರೆಂದು ಓದಿದ್ದೆ. ನಾನೂ ಹಾಗೆಯೇ ಆರಂಭಿಸಿದೆ. ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಅಲೆಯಂಥ ಸೈನ್ ವಕ್ರರೇಖೆಗಳ ಬಲೆ ಹೆಣೆಸಿ, ಅದರ ಕಣ್ಣುಗಳಿಗೆ ಜಲವರ್ಣ ತುಂಬಿದೆ. ಕೊಹೆನ್ ಬಣ್ಣದಲ್ಲಿ ಪಳಗಿದ ವರ್ಣಚಿತ್ರಕಾರರು. ನನ್ನ ಕುಂಚಕ್ಕೆ ಮಾತ್ರ ಗೆರೆ ದಾಟದಂತೆ ಬಣ್ಣ ಬಳಿಯುವುದರಾಚೆ ಯಾವ ಕೆಲಸವೂ ಉಳಿಯಲಿಲ್ಲ. ಅಂಥ ಹತ್ತಾರು ಹಾಳೆಗಳಾದ ಮೇಲೆ, ಕೈಗೆ ಬೇಕಾದ ಜಾಗವನ್ನು ಪ್ರೋಗ್ರಾಂ ಬರೆಯುವಾಗಲೇ ಬಿಟ್ಟಿರಬೇಕೆಂಬುದು ನನಗೆ ಸ್ಪಷ್ಟವಾಯಿತು.

ದಾರಿ ಸಿಕ್ಕಿದ್ದು ಮನೆಯಂಗಳದಲ್ಲಿ. ಅಮ್ಮ ರಂಗೋಲಿಗೆ ಮೊದಲು ಚುಕ್ಕಿಯಿಟ್ಟು, ಆಮೇಲೆ ಎಳೆ ಎಳೆಯುತ್ತಿದ್ದರು. ಚುಕ್ಕಿಯನ್ನು ಯಂತ್ರಕ್ಕೂ ಎಳೆಯನ್ನು ಕೈಗೂ ಒಪ್ಪಿಸಿದೆ. ನಡುಸಾಲಿನ 15ರಿಂದ ಎರಡೂ ಬದಿಗೆ 8ರವರೆಗೆ ಇಳಿಯುವ ಸಂದು ಚುಕ್ಕಿ, ಒಟ್ಟು 169. ಚುಕ್ಕಿಯಿಂದ ಚುಕ್ಕಿಗೆ 14 ಮಿಲಿಮೀಟರ್. ಜರ್ಮನಿಯ ಗಿಯೋರ್ಗ್ ನೀಸ್ 1960ರ ದಶಕದಲ್ಲಿ ಪ್ಲಾಟರ್‌ನಿಂದ ಬರೆಸಿದ ಒಂದು ಪ್ರಸಿದ್ಧ ಚಿತ್ರದಲ್ಲಿ, ಸಾಲಿಗೆ 12ರಂತೆ 22 ಸಾಲು ಚೌಕಗಳು ಮೇಲೆ ಶಿಸ್ತಾಗಿ ನಿಂತು, ಕೆಳಗಿಳಿದಂತೆ ಓರೆಯಾಗಿ ಚದುರುತ್ತವೆ. ಆ ಕ್ರಮವನ್ನೇ ನಾನು ಚುಕ್ಕಿಗಳಿಗೆ ಅನ್ವಯಿಸಿದೆ: ಮೊದಲ ಸಾಲು ಕರಾರುವಾಕ್ಕಾಗಿ ಬೀಳುತ್ತದೆ, ಮುಂದಿನ ಪ್ರತಿ ಸಾಲಿನಲ್ಲೂ ಯಾದೃಚ್ಛಿಕ ಪಲ್ಲಟದ (ಚುಕ್ಕಿ ಗೊತ್ತುಗುರಿಯಿಲ್ಲದೆ ಸ್ಥಾನದಿಂದ ಸರಿಯುವುದರ) ಮಿತಿ ಸ್ವಲ್ಪ ಸ್ವಲ್ಪವೇ ಹಿಗ್ಗುತ್ತದೆ.

ಆ ಮಿತಿಯನ್ನು ನಿಗದಿಪಡಿಸಲು ನನಗೆ ತಿಂಗಳುಗಳೇ ಹಿಡಿದವು. ಕೊನೆಯ ಸಾಲಿನ ಪಲ್ಲಟ ಎರಡು ಮಿಲಿಮೀಟರ್‌ಗಿಂತ ಕಡಿಮೆಯಿದ್ದರೆ ಕೈ ಅಭ್ಯಾಸಬಲದಿಂದಲೇ ಹರಿದುಬಿಡುತ್ತಿತ್ತು. ಏಳು ದಾಟಿದರೆ ಯಾವ ಚುಕ್ಕಿ ಯಾವ ಸಾಲಿನದೆಂಬುದೇ ತಿಳಿಯುತ್ತಿರಲಿಲ್ಲ. ನಾಲ್ಕೂವರೆಯ ಆಸುಪಾಸಿನಲ್ಲಿ ಮಾತ್ರ ಎಳೆ ಪ್ರತಿ ಚುಕ್ಕಿಯ ಬಳಿಯೂ ಒಂದು ಕ್ಷಣ ತಡೆದು, ಎಡಕ್ಕೋ ಬಲಕ್ಕೋ ಎಂದು ನಿರ್ಧರಿಸಬೇಕಾಗುತ್ತಿತ್ತು. ಅಂಥ ಒಂದು ಹಾಳೆಯ ಹನ್ನೊಂದನೆಯ ಸಾಲಿನಲ್ಲಿ ನಾನು ಕೈ ಎತ್ತಿ ಯೋಚಿಸುತ್ತಿದ್ದಾಗ ಅಮ್ಮ ಪಕ್ಕದಲ್ಲಿ ಕುಳಿತು, ತಪ್ಪಿದ ಚುಕ್ಕಿಯ ಮೇಲೆ ಬೆರಳಿಟ್ಟು, “ಇಲ್ಲಿ ಎತ್ತಬೇಡ, ಇದನ್ನೂ ಸುತ್ತಿಸಿಕೊಂಡು ಹೋಗು” ಎಂದರು. ಆ ಸುತ್ತು ಈಗಲೂ ಆ ಹಾಳೆಯ ಅತ್ಯಂತ ಜೀವಂತ ಭಾಗವೆಂದು ನನಗೆ ಅನ್ನಿಸುತ್ತದೆ.

ಸಾಮಗ್ರಿಯ ಬಗ್ಗೆಯೂ ಒಂದೆರಡು ಮಾತು ಹೇಳಬೇಕು. ಕೈಕಾಗದದ ನಾರು ಪ್ಲಾಟರ್ ಪೆನ್ನಿನ ತುದಿಗೆ ಸಿಕ್ಕಿಕೊಳ್ಳುತ್ತಿದ್ದುದರಿಂದ ಕಾರ್ಟ್ರಿಜ್ ಎಂಬ ತೆಳುವಾದ ಚಿತ್ರಹಾಳೆಗೆ ಬಂದೆ. ಪೆನ್ನನ್ನು ಸುಮ್ಮನೆ ಇಳಿಸಿ ಎತ್ತಿದರೆ ಚುಕ್ಕಿ ಮಸುಕಾಗುತ್ತಿತ್ತು. ಹಾಗಾಗಿ ಪ್ರತಿ ಚುಕ್ಕಿಯನ್ನೂ ಅರ್ಧ ಮಿಲಿಮೀಟರ್ ತ್ರಿಜ್ಯದ ವೃತ್ತವಾಗಿ ಬರೆಸಿದೆ. ಪ್ಲಾಟರ್ ಶಾಯಿ ನೀರಿಗೆ ಕರಗುವಂಥದ್ದು, ಕುಂಚದ ಒದ್ದೆ ತಗುಲಿದ ಕೂಡಲೇ ಚುಕ್ಕಿ ಬಾಲ ಬಿಟ್ಟುಕೊಂಡು ಹರಡುತ್ತಿತ್ತು. ಎಳೆ ಚುಕ್ಕಿಯನ್ನು ಮುಟ್ಟದೆ ಬಳಸಿ ಹೋಗಬೇಕೆಂಬ ಎಳೆ ರಂಗೋಲಿಯ ಕಟ್ಟಳೆಯೇ ಇಲ್ಲಿ ನನ್ನ ಕೈ ಹಿಡಿಯಿತು. ಮೊದಲು ಕುಂಚ, ಆಮೇಲೆ ಪ್ಲಾಟರ್ ಎಂಬ ಕ್ರಮವನ್ನೂ ಪರೀಕ್ಷಿಸಿದ್ದೆ. ಒದ್ದೆಯಾಗಿ ಒಣಗಿ ಸೊಟ್ಟಗಾದ ಹಾಳೆ ಚಕ್ರಗಳಡಿಯಲ್ಲಿ ಜಾರುತ್ತಿದ್ದುದರಿಂದ ಅದನ್ನು ಕೈಬಿಟ್ಟೆ.

ಬೇಸಿಕ್‌ನ ಯಾದೃಚ್ಛಿಕ ಸಂಖ್ಯೆಗಳಿಗೆ ಒಂದೇ ಬೀಜಸಂಖ್ಯೆ (ಸರಣಿಯನ್ನು ಆರಂಭಿಸುವ ಸಂಖ್ಯೆ) ಕೊಟ್ಟರೆ ಅದೇ ಸರಣಿ ಮರಳುತ್ತದೆ. ಹೀಗಾಗಿ ಪ್ರತಿ ಹಾಳೆಯ ಹಿಂದೆ ಆ ಸಂಖ್ಯೆಯನ್ನು ಪೆನ್ಸಿಲ್‌ನಲ್ಲಿ ಬರೆದಿಡುತ್ತಿದ್ದೆ. ಎಳೆ ಕೆಟ್ಟರೆ ಅವೇ ಚುಕ್ಕಿಗಳನ್ನು ಮತ್ತೆ ಇಡಿಸಬಹುದಾಗಿತ್ತು. 47 ಎಂದು ಬರೆದ ಎರಡು ಹಾಳೆಗಳು ನನ್ನ ಬಳಿ ಇವೆ. ಒಂದರಲ್ಲಿ ಹನ್ನೊಂದನೆಯ ಸಾಲಿನ ಆ ಚುಕ್ಕಿಯ ಎಡಕ್ಕೆ ಎಳೆ ಎತ್ತಿ ನಿಲ್ಲಿಸಿದ ಗುರುತಿದೆ, ಇನ್ನೊಂದರಲ್ಲಿ ಅಮ್ಮ ಹೇಳಿದ ಸುತ್ತು ಇದೆ.