ದತ್ತು ಪ್ರಕ್ರಿಯೆ: ಹೆತ್ತವರಿಗೆ ನೋಟಿಸ್ ಬರುವುದು ಎಲ್ಲಿಂದ, ಬಂದಾಗ ಮಾಡುವುದೇನು?

ಪತ್ರಿಕೆಯ ಒಳಪುಟದಲ್ಲಿ ಆಗಾಗ ಒಂದು ಸಣ್ಣ ಪ್ರಕಟಣೆ ಬರುತ್ತದೆ. ಮಗುವಿನ ಫೋಟೊ, ಅದು ಸಿಕ್ಕ ಜಾಗ, ಪೋಷಕರು ಇದ್ದರೆ ಸಂಪರ್ಕಿಸಿ ಎಂಬ ಸಾಲು. ಹೆಚ್ಚಿನವರು ಸುಮ್ನೆ ಪುಟ ತಿರುಗಿಸುತ್ತಾರೆ. ಆದರೆ ಹೆತ್ತವರ ಪಾಲಿಗೆ ಅದೇ ನೋಟಿಸ್. ಕೋರ್ಟಿನವರು ಮನೆ ಬಾಗಿಲಿಗೆ ಸಮನ್ಸ್ ತರುತ್ತಾರೆ ಎಂದು ಕಾಯುತ್ತ ಕೂತರೆ ಅವಧಿ ಮುಗಿದುಹೋಗಿರುತ್ತದೆ. 2015ರ ಬಾಲನ್ಯಾಯ ಕಾಯ್ದೆಯಲ್ಲಿ ಹೆತ್ತವರು ಮಾತಾಡಬೇಕಾದ ಜಾಗ ಮಕ್ಕಳ ಕಲ್ಯಾಣ ಸಮಿತಿ. ದತ್ತು ಆದೇಶದ ಹಂತಕ್ಕೆ ಬಂದಾಗ ತಡವಾಗಿರುತ್ತದೆ.

ಮಗು ಸಿಕ್ಕಿದೆ ಎಂದು ಪ್ರಕಟಣೆ ಬಂದಿದ್ದರೆ

ಪೋಷಕರು ಯಾರೆಂದು ಗೊತ್ತಿಲ್ಲದ ಮಗು ಸಮಿತಿಯ ಮುಂದೆ ಬಂದರೆ, ಫೋಟೊ ಸಮೇತ ವಿವರವನ್ನು ಪತ್ರಿಕೆಯಲ್ಲಿ ಹಾಕಿಸುವಂತೆ ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ ಸಮಿತಿ ಸೂಚಿಸಬಹುದು. ಮಗು ಸಮಿತಿಯ ಮುಂದೆ ಬಂದ ದಿನದಿಂದಲೇ ಗಡುವು ಓಡುತ್ತದೆ. ಎರಡು ವರ್ಷದೊಳಗಿನ ಮಗುವಾದರೆ 2 ತಿಂಗಳು, ಅದಕ್ಕಿಂತ ದೊಡ್ಡದಾದರೆ 4 ತಿಂಗಳು. ಅಷ್ಟರಲ್ಲಿ ಯಾರೂ ಬರದಿದ್ದರೆ, ವಿಚಾರಣೆ ಮುಗಿಸಿ ಸಮಿತಿಯ ಕನಿಷ್ಠ ಮೂವರು ಸದಸ್ಯರು ಸೇರಿ 'ಈ ಮಗುವನ್ನು ದತ್ತು ಕೊಡಬಹುದು' ಎಂದು ಘೋಷಿಸುತ್ತಾರೆ.

ನಿಮ್ಮದೇ ಮಗುವಾಗಿದ್ದರೆ ಮೊದಲು ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ, ಮಗು ಯಾವ ಜಿಲ್ಲೆಯ ಸಮಿತಿಯ ಬಳಿ ಇದೆ ಎಂದು ತಿಳಿದುಕೊಳ್ಳಿ. ಬಾಯಿಮಾತು ಸಾಲದು, ಲಿಖಿತ ಅರ್ಜಿ ಕೊಡಿ, ಸೀಲ್ ಹಾಕಿದ ಒಂದು ಪ್ರತಿ ಕೈಯಲ್ಲಿರಲಿ. ಜನನ ಪ್ರಮಾಣಪತ್ರ, ತಾಯಿ ಕಾರ್ಡ್, ಆಧಾರ್, ಹಳೆಯ ಫೋಟೊ, ಏನಿದೆಯೋ ಅದನ್ನು ತೆಗೆದುಕೊಂಡು ಹೋಗಿ. ಪೊಲೀಸ್ ಕೇಸ್ ಆಗುತ್ತದೆ ಎಂಬ ಹೆದರಿಕೆಯಿಂದಲೇ ಹಿಂದೆ ಸರಿಯುವವರಿದ್ದಾರೆ. ಕೈಮೀರಿದ ಪರಿಸ್ಥಿತಿಯಲ್ಲಿ ಮಗುವನ್ನು ಬಿಟ್ಟಿದ್ದು ಎಂದು ಕಂಡುಬಂದರೆ ಅದನ್ನು ಬೇಕೆಂದೇ ಮಾಡಿದ್ದು ಎಂದು ಎಣಿಸಬಾರದು, ಮಗುವನ್ನು ಬಿಟ್ಟಿದ್ದಕ್ಕೆ ಇರುವ ಶಿಕ್ಷೆ ಅನ್ವಯಿಸದು ಎಂದು ಕಾಯ್ದೆಯ 75ನೇ ಕಲಮಿನಲ್ಲೇ ಇದೆ.

ನೀವೇ ಮಗುವನ್ನು ಒಪ್ಪಿಸುವುದಾದರೆ

ಇಲ್ಲಿ ನಿಧಾನವಾಗಿ ಓದಿ. ಗೊಂದಲ ಜಾಸ್ತಿ ಆಗುವುದು ಇಲ್ಲೇ.

ಆಸ್ಪತ್ರೆಯ ಆಯಾಗೋ ಪರಿಚಯದ ದಂಪತಿಗೋ ಮಗುವನ್ನು ಕೊಟ್ಟುಬಿಡುವುದು ಒಪ್ಪಿಸಿದಂತಲ್ಲ, ಅದು ಅಪರಾಧ. ಸಮಿತಿಗೆ ಅರ್ಜಿ ಹಾಕಿ, ಅವರ ಮುಂದೆಯೇ ಒಪ್ಪಿಸುವ ಪತ್ರಕ್ಕೆ ಸಹಿ ಮಾಡಬೇಕು. ಓದು ಬರಹ ಬಾರದಿದ್ದರೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರ ನೆರವು ಸಿಗುತ್ತದೆ. ಕೇಳಿ ಪಡೆಯಿರಿ.

ಮದುವೆಯಾದವರಾದರೆ ಗಂಡ ಹೆಂಡತಿ ಇಬ್ಬರ ಸಹಿಯೂ ಬೇಕು. ಒಬ್ಬರು ತೀರಿಕೊಂಡಿದ್ದರೆ ಮರಣ ಪ್ರಮಾಣಪತ್ರ ಬೇಕು. ಗಂಡ ಎಲ್ಲಿದ್ದಾನೆ ಎಂದೇ ಗೊತ್ತಿಲ್ಲವೇ? ಆಗ ತಾಯಿಯ ಸಹಿಯೊಂದೇ ಸಾಲದು. ಮಗುವನ್ನು ಪರಿತ್ಯಕ್ತ ಎಂದು ಪರಿಗಣಿಸಿ ಮೇಲೆ ಹೇಳಿದ ದಾರಿಯಲ್ಲೇ ಹೋಗುತ್ತಾರೆ. ಕೋರ್ಟಿನಿಂದ ಪೋಷಕತ್ವ ಪಡೆಯದ ಅಜ್ಜಿಯೋ ಸೋದರಮಾವನೋ ಕರೆತಂದರೂ ಹಾಗೆಯೇ. ಮದುವೆಯಾಗದ ತಾಯಿಯಾದರೆ ಒಪ್ಪಿಸುವ ಹಕ್ಕು ಆಕೆಗೆ ಮಾತ್ರ.

ಸಹಿ ಹಾಕಿದ ದಿನದಿಂದ 60 ದಿನ ನಿಮ್ಮ ಕೈಯಲ್ಲಿರುತ್ತವೆ. ಮನಸ್ಸು ಬದಲಾದರೆ ಅಷ್ಟರೊಳಗೆ ಮಗುವನ್ನು ವಾಪಸ್ ಕೇಳಬಹುದು. ಈ ವಿಷಯವನ್ನು ನಿಮಗೆ ತಿಳಿಸಿ ಹೇಳುವುದು ಅವರ ಕರ್ತವ್ಯ. ಹೇಳದಿದ್ದರೆ ನೀವೇ ಕೇಳಿ, ಕೊನೆಯ ದಿನಾಂಕವನ್ನು ಬರೆದಿಟ್ಟುಕೊಳ್ಳಿ. 'ನಿಮ್ಮ ಅವಧಿ ಮುಗಿಯುತ್ತಿದೆ' ಎಂದು ಮತ್ತೊಂದು ಪತ್ರ ಬರುತ್ತದೆ ಎಂದುಕೊಳ್ಳಬೇಡಿ. ಇಲ್ಲಿ ಪತ್ರಿಕಾ ಪ್ರಕಟಣೆಯೂ ಇರುವುದಿಲ್ಲ. ಹೆತ್ತವರ ಗುಟ್ಟು ಕಾಪಾಡಲು ನಿಯಮವೇ ಅದನ್ನು ತಡೆದಿದೆ.

ದತ್ತು ಆದೇಶದ ಹೊತ್ತಿಗೆ

2022ರ ಸೆಪ್ಟೆಂಬರ್ 1ರಿಂದ ಈ ಆದೇಶ ಹೊರಡಿಸುವ ಅಧಿಕಾರ ಕೋರ್ಟಿನಿಂದ ಜಿಲ್ಲಾ ಮ್ಯಾಜಿಸ್ಟ್ರೇಟರಿಗೆ, ಅಂದರೆ ಜಿಲ್ಲಾಧಿಕಾರಿಗೆ ಬಂದಿದೆ. ವಿಚಾರಣೆ ಗುಪ್ತ. ಮಗುವನ್ನು ಒಪ್ಪಿಸಿದ ತಾಯಿಗೆ ಈ ಹಂತದಲ್ಲಿ ನೋಟಿಸ್ ಹೋಗುವುದಿಲ್ಲ. ಕ್ರೂರ ಅನ್ನಿಸುತ್ತದೆ, ಅಲ್ವಾ? 1984ರಲ್ಲಿ ಲಕ್ಷ್ಮೀಕಾಂತ ಪಾಂಡೆ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಇದಕ್ಕೆ ಕಾರಣ ಹೇಳಿತ್ತು: ಮಗು ಯಾರ ಮನೆ ಸೇರಿತು ಎಂಬುದು ಹೆತ್ತವರಿಗೆ ಗೊತ್ತಾಗಬಾರದು. ಹಾಗಾಗಿಯೇ ಯೋಚಿಸಲು ಕೊಡುವ ಸಮಯ ಮೊದಲೇ ಇರಬೇಕು. ಆದೇಶದ ಮೇಲೆ ವಿಭಾಗೀಯ ಆಯುಕ್ತರಿಗೆ 30 ದಿನದೊಳಗೆ ಮೇಲ್ಮನವಿ ಸಲ್ಲಿಸಬಹುದು. ಆದರೆ ಆ ಹಂತದಲ್ಲಿ ಹೋರಾಡುವುದಕ್ಕಿಂತ 60 ದಿನದೊಳಗಿನ ಒಂದು ಅರ್ಜಿ ಎಷ್ಟೋ ಸುಲಭ.

ಮನೆಯೊಳಗಿನ ದತ್ತು

ಬಾಲನ್ಯಾಯ ಕಾಯ್ದೆಯಡಿ ಬಂಧುಗಳು ದತ್ತು ಪಡೆಯುವುದಾದರೆ ಹೆತ್ತವರ ಲಿಖಿತ ಒಪ್ಪಿಗೆ ಬೇಕು. ಮಗುವಿಗೆ 5 ವರ್ಷ ತುಂಬಿದ್ದರೆ ಅದರ ಒಪ್ಪಿಗೆಯೂ ಬೇಕು. 1956ರ ಹಿಂದೂ ದತ್ತಕ ಕಾಯ್ದೆಯಡಿ ತಂದೆ ಅಥವಾ ತಾಯಿ ಮಗುವನ್ನು ಕೊಡಬಹುದಾದರೂ ಇನ್ನೊಬ್ಬರು ಒಪ್ಪಲೇಬೇಕು. ಇದಕ್ಕೆ ವಿನಾಯಿತಿ ಮೂರೇ: ಆ ವ್ಯಕ್ತಿ ಸನ್ಯಾಸಿಯಾಗಿರಬೇಕು, ಹಿಂದೂ ಧರ್ಮ ಬಿಟ್ಟಿರಬೇಕು ಅಥವಾ ಬುದ್ಧಿ ಸ್ವಾಧೀನದಲ್ಲಿಲ್ಲ ಎಂದು ಕೋರ್ಟ್ ಹೇಳಿರಬೇಕು. ಡಿವೋರ್ಸ್ ಆ ಪಟ್ಟಿಯಲ್ಲಿಲ್ಲ. 'ಹೇಗೂ ಬೇರೆಯಾಗಿದ್ದೇವೆ' ಎಂದು ಮಾಜಿ ಗಂಡನನ್ನು ಕೇಳದೆ ದತ್ತಕ ಪತ್ರ ನೋಂದಾಯಿಸಿದರೆ ಅದು ಮುಂದೆ ಕೋರ್ಟಿನಲ್ಲಿ ಬಿದ್ದುಹೋಗಬಹುದು.

ಕೋರ್ಟಿನಿಂದಲೇ ನೋಟಿಸ್ ಬರುವ ಸಂದರ್ಭವೂ ಒಂದಿದೆ. ಯಾರಾದರೂ ನಿಮ್ಮ ಮಗುವಿನ ಪೋಷಕತ್ವ ಕೋರಿ 1890ರ ಕಾಯ್ದೆಯಡಿ ಅರ್ಜಿ ಹಾಕಿದರೆ ದೇಶದೊಳಗಿರುವ ತಂದೆ ತಾಯಿಗೆ ನೋಟಿಸ್ ಕಳಿಸಲೇಬೇಕು. ಕೋರ್ಟ್ ಕಟ್ಟಡದಲ್ಲೂ ಮಗು ಇರುವ ಮನೆಯಲ್ಲೂ ಅದನ್ನು ಅಂಟಿಸುತ್ತಾರೆ. ಅದರಲ್ಲಿರುವ ದಿನಾಂಕಕ್ಕೆ ಹಾಜರಾಗಿ. ಹೋಗದಿದ್ದರೆ ನಿಮ್ಮ ಮಾತು ಕೇಳದೆಯೇ ವಿಚಾರಣೆ ಮುಂದುವರಿಯಬಹುದು.