ತೊಟ್ಟೆ ಒಣಗಿದ ಮೇಲೆಯೇ ಗೋಣಿಗೆ

ಕಾಸರಗೋಡಿನ ಊರುಗಳಲ್ಲಿ, ಪಂಚಾಯತಿಗಾಗಿ ಕಸ ಸಂಗ್ರಹಿಸುವ ಹರಿತ ಕರ್ಮ ಸೇನೆಯ ಹೆಂಗಸರು ತಿಂಗಳಿಗೊಮ್ಮೆ ಮನೆಬಾಗಿಲಿಗೆ ಬಂದು ಪ್ಲಾಸ್ಟಿಕ್ ಒಯ್ಯುವ ವ್ಯವಸ್ಥೆ ಈಗ ನೆಲೆಯೂರಿದೆ. ಅವರು ಬರುವ ದಿನ ಬೆಳಗ್ಗೆ, ಕೊಟ್ಟಿಗೆಯ ಮೂಲೆಯಲ್ಲಿ ಕೂಡಿಟ್ಟ ರಾಶಿಯನ್ನು ಅಂಗಳಕ್ಕೆ ಸುರಿದು, ಹುಳಿವಾಸನೆಗೆ ಮೂಗು ಮುಚ್ಚಿಕೊಂಡು ಹೆಕ್ಕಲು ಕೂರುವ ಮನೆಗಳನ್ನು ನಾನು ಬಹಳ ಕಂಡಿದ್ದೇನೆ. ತಿಂಗಳ ಕೊನೆಗೆ ಉಳಿಸಿಕೊಂಡರೆ ಇದು ದೊಡ್ಡ ಉಪದ್ರವವೇ ಸರಿ. ಪೊಟ್ಟಣ ಖಾಲಿಯಾದ ಹೊತ್ತಿಗೇ ಮಾಡಿ ಮುಗಿಸಿದರೆ ಪಾತ್ರೆ ತೊಳೆಯುವ ಕೆಲಸದಲ್ಲಿ ಅದೂ ಸೇರಿಹೋಗುತ್ತದೆ.

ನಿಯಮ ಹೇಳುವುದು ಕಷ್ಟದ್ದೇನಲ್ಲ. ಕೇಂದ್ರ ಸರಕಾರ 2016ರಲ್ಲಿ ಹೊರಡಿಸಿದ ಘನತ್ಯಾಜ್ಯ ನಿರ್ವಹಣಾ ನಿಯಮಗಳು ಮನೆಯ ಕಸವನ್ನು ಹಸಿ, ಒಣ ಮತ್ತು ಅಪಾಯಕಾರಿ ಎಂದು ಮೂರಾಗಿ ವಿಂಗಡಿಸಿದವು. ಕೇರಳದಲ್ಲಿ ಇದಕ್ಕೆ ಇನ್ನೊಂದು ಪದ್ಧತಿ ಸೇರಿದೆ: ಕೊಳೆಯುವುದನ್ನು ಆದಷ್ಟು ಮನೆಯವರೇ ಮನೆಯಲ್ಲಿ ಗೊಬ್ಬರ ಮಾಡಿಕೊಳ್ಳಬೇಕು, ಕೊಳೆಯದ್ದನ್ನು ತೊಳೆದು ಒಣಗಿಸಿ ಸೇನೆಯವರ ಕೈಗೆ ಕೊಡಬೇಕು. ತೋಟ, ಹಟ್ಟಿ, ಗೊಬ್ಬರದ ಗುಂಡಿ ಇರುವ ನಮ್ಮ ಮನೆಗಳಿಗೆ ಮೊದಲನೆಯದು ಹೊಸ ಪಾಠವಲ್ಲವಾದ್ದರಿಂದ ಆ ವಿಷಯವನ್ನು ಇಲ್ಲಿಗೇ ಬಿಡುತ್ತೇನೆ. ಗ್ರಾಮ ಪಂಚಾಯತಿನ ಮನೆಗಳಿಗೆ ಸಾಮಾನ್ಯವಾಗಿ ತಿಂಗಳಿಗೆ 50 ರೂಪಾಯಿ ಶುಲ್ಕವಿದ್ದು, ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡನ್ನು ಹರಿತಮಿತ್ರಂ ಆ್ಯಪಿನಲ್ಲಿ ಸ್ಕ್ಯಾನ್ ಮಾಡಿ ಅವರು ಲೆಕ್ಕ ದಾಖಲಿಸುತ್ತಾರೆ. ಶುಲ್ಕದ ರಶೀದಿಗಳನ್ನು ಕಟ್ಟಡ ತೆರಿಗೆಯ ರಶೀದಿಯ ಜೊತೆಯಲ್ಲೇ ತೆಗೆದಿಡುವುದು ಒಳ್ಳೆಯದು. ಬಾಕಿ ಬಿಟ್ಟ ಶುಲ್ಕವನ್ನು ತೆರಿಗೆಯ ಬಾಕಿಯಂತೆಯೇ ವಸೂಲು ಮಾಡಲು ಕಾನೂನಿನಲ್ಲಿ ಅವಕಾಶವಿದೆ.

ತೊಳೆದು ಒಣಗಿಸಬೇಕೆಂದು ಅವರು ಯಾಕೆ ಅಷ್ಟು ಒತ್ತಿ ಹೇಳುತ್ತಾರೆಂಬುದನ್ನು ತಿಳಿದುಕೊಂಡವರಿಗೆ ಬೇಸರ ಬರುವುದಿಲ್ಲ. ಮನೆಮನೆಯಿಂದ ಹೋದ ಚೀಲಗಳು ಪಂಚಾಯತಿನ ಸಂಗ್ರಹ ಕೇಂದ್ರಕ್ಕೆ ಸೇರುತ್ತವೆ, ಅಲ್ಲಿ ಅದೇ ಹೆಂಗಸರು ಒಂದೊಂದನ್ನೂ ಕೈಯಿಂದ ಹೆಕ್ಕಿ ಬೇರೆ ಮಾಡುತ್ತಾರೆ, ಆಮೇಲೆ ಅದು ಕ್ಲೀನ್ ಕೇರಳ ಕಂಪನಿಯಂಥ ಸಂಸ್ಥೆಗಳಿಗೆ ಹೋಗುತ್ತದೆ. ಮೀನಿನ ನೀರು ಉಳಿದ ಒಂದೇ ಒಂದು ತೊಟ್ಟೆ, ಅಂದರೆ ಪ್ಲಾಸ್ಟಿಕ್ ಚೀಲ, ಇಡೀ ಗೋಣಿಯನ್ನು ನಾರಿಸುತ್ತದೆ. ಮಳೆಗಾಲದಲ್ಲಂತೂ ಒದ್ದೆ ಪ್ಲಾಸ್ಟಿಕ್ ಬೂಸ್ಟು ಹಿಡಿದು ಮರುಬಳಕೆಗೆ ಬಾರದಂತಾಗುತ್ತದೆ. ಹಾಗೆ ಕೆಟ್ಟದ್ದನ್ನು ಸಿಮೆಂಟು ಕಾರ್ಖಾನೆಗಳ ಕುಲುಮೆಗೆ ಉರುವಲಾಗಿ ಕಳುಹಿಸುವುದೇ ಉಳಿದ ದಾರಿ. ಚೊಕ್ಕಟವಾಗಿದ್ದರೆ ಅದರಿಂದ ಹೊಸ ವಸ್ತು ಆಗಬಹುದಿತ್ತು, ಇಲ್ಲವೇ ಪುಡಿಯಾಗಿ ರಸ್ತೆಯ ಡಾಮರಿಗೆ ಸೇರಬಹುದಿತ್ತು.

ಹಾಲಿನ ತೊಟ್ಟೆಯಿಂದಲೇ ಅಭ್ಯಾಸ ಶುರುಮಾಡಿ. ಮೂಲೆಯನ್ನು ಪೂರ್ತಿ ಕತ್ತರಿಸಿ ಬೇರೆ ಮಾಡಬೇಡಿ, ತುಂಡು ಒಂದು ಬದಿಗೆ ಅಂಟಿಕೊಂಡೇ ಇರಲಿ. ಉಗುರಿನಷ್ಟಿರುವ ಆ ತುಂಡುಗಳನ್ನು ಯಾರೂ ಹೆಕ್ಕುವುದಿಲ್ಲ, ಅವು ಗುಡಿಸಿದ ಕಸದೊಡನೆ ಬಾಳೆಯ ಬುಡಕ್ಕೆ ಹೋಗಿ ವರ್ಷಗಟ್ಟಲೆ ಅಲ್ಲೇ ಇರುತ್ತವೆ. ಹಾಲು ಬಗ್ಗಿಸಿದ ಕೂಡಲೇ ತೊಟ್ಟೆಗೆ ಅರ್ಧ ಲೋಟ ನೀರು ಹಾಕಿ ಕುಲುಕಿ, ಆ ನೀರನ್ನು ಹಟ್ಟಿಯ ಬಾನಿಗೋ ಗಿಡದ ಬುಡಕ್ಕೋ ಚೆಲ್ಲಿ, ಕೆಳಗಿನ ಅಂಚನ್ನೂ ಕತ್ತರಿಸಿ ಕೊಳವೆಯಂತೆ ಎರಡೂ ಕಡೆ ಬಾಯಿ ತೆರೆದು ಹಗ್ಗಕ್ಕೆ ಸಿಕ್ಕಿಸಿದರೆ ಗಾಳಿ ಒಳಗೆ ಹಾದು ಜಡಿಮಳೆಯ ಆಟಿ ತಿಂಗಳಲ್ಲೂ ಒಣಗುತ್ತದೆ. ಒಂದೇ ಬಾಯಿಯ ತೊಟ್ಟೆಯನ್ನು ತಲೆಕೆಳಗಾಗಿ ನೇತುಹಾಕಿದರೂ ಒಳಮೈ ಒಂದಕ್ಕೊಂದು ಅಂಟಿಕೊಂಡು ತೇವ ಉಳಿಯುತ್ತದೆ. ಎಣ್ಣೆಯ ತೊಟ್ಟೆಗೆ ನೀರು ಪ್ರಯೋಜನವಿಲ್ಲ. ಅದರೊಳಗೆ ಒಂದು ಹಿಡಿ ತೌಡನ್ನೋ ಹಿಟ್ಟನ್ನೋ ಹಾಕಿ ಉಜ್ಜಿದರೆ ಜಿಡ್ಡು ಅದಕ್ಕೆ ಹತ್ತುತ್ತದೆ, ಮತ್ತೆ ಸಾಬೂನಿನ ನೀರು ಸ್ವಲ್ಪವೇ ಸಾಕು.

ಒಣಗಿದ ಮೇಲೆ ಎರಡು ಗೋಣಿ ಇರಲಿ. ಹಾಲಿನ ತೊಟ್ಟೆ, ಅಂಗಡಿಯ ತೊಟ್ಟೆ, ಸಕ್ಕರೆ ಬೇಳೆಗಳ ಪಾರದರ್ಶಕ ಪೊಟ್ಟಣ, ಡಬ್ಬಿ, ಕುಪ್ಪಿಗಳು ಒಂದರಲ್ಲಿ. ಚಿಪ್ಸು, ಬಿಸ್ಕತ್ತು, ಶಾಂಪೂ, ಮಸಾಲೆಯ ಪೊಟ್ಟಣಗಳು ಇನ್ನೊಂದರಲ್ಲಿ. ಎರಡನೆಯ ಜಾತಿಯವು ಹಲವು ಪದರಗಳನ್ನು ಅಂಟಿಸಿ ಮಾಡಿದವು, ಆ ಪದರಗಳನ್ನು ಬಿಡಿಸುವುದು ಕಷ್ಟವಾದ್ದರಿಂದ ಹೆಚ್ಚಾಗಿ ಕುಲುಮೆಗೇ ಹೋಗುತ್ತವೆ. ಸಂಶಯ ಬಂದರೆ ಪೊಟ್ಟಣವನ್ನು ಮುಷ್ಟಿಯಲ್ಲಿ ಹಿಂಡಿ ಬಿಡಿ: ಒಳಗೆ ಬೆಳ್ಳಿಯ ಹೊಳಪಿದ್ದು, ಚರಚರ ಸದ್ದು ಮಾಡುತ್ತ ಮತ್ತೆ ಅರಳಿಕೊಂಡರೆ ಅದು ಎರಡನೆಯ ಗೋಣಿಯದ್ದು. ಕುಪ್ಪಿಗಳ ಒಳಗೆ ನೀರು ಉಳಿಯದಂತೆ ನೋಡಿಕೊಂಡು, ಜಜ್ಜಿ ಮುಚ್ಚಳ ಹಾಕಿದರೆ ಜಾಗ ಉಳಿಯುತ್ತದೆ, ಸೊಳ್ಳೆಗೂ ಎಡೆಯಿರುವುದಿಲ್ಲ.

ನಮ್ಮ ಕಡೆ ಇದಕ್ಕೆಲ್ಲ ದೊಡ್ಡ ಶತ್ರು ಬಚ್ಚಲಿನ ಒಲೆ. ಹಂಡೆಯಡಿಗೆ ತೆಂಗಿನ ಸಿಪ್ಪೆ, ಸೋಗೆ ತುರುಕುವಾಗ ನಾಲ್ಕು ತೊಟ್ಟೆಯನ್ನೂ ಸೇರಿಸಿದರೆ ಬೆಂಕಿ ಬೇಗ ಹತ್ತುತ್ತದೆಂಬುದು ನಿಜ, ಅದಕ್ಕೇ ಆ ಚಾಳಿ ಬಿಡುವುದಿಲ್ಲ. ಆದರೆ ಪಿವಿಸಿ ಪೈಪಿನ ಚೂರು, ರೆಕ್ಸಿನ್ ಚೀಲದಂಥವು ಉರಿದಾಗ ಡಯಾಕ್ಸಿನ್‌ನಂಥ ವಿಷಗಳು ಹುಟ್ಟುತ್ತವೆ. ಹೊಗೆಯನ್ನು ಮೊದಲು ಕುಡಿಯುವವರು ನೀರು ಕಾಯಿಸುವ ಹೆಂಗಸರೇ, ಬೂದಿಯನ್ನು ನಾವೇ ಬಾಳೆಗೂ ಬಸಳೆಗೂ ಹಾಕುತ್ತೇವೆ. ಪ್ಲಾಸ್ಟಿಕ್ ಸುಡುವುದು ದಂಡಕ್ಕೆ ಗುರಿಯಾಗುವ ತಪ್ಪು ಎಂಬುದನ್ನು ಆಮೇಲೆ ಹೇಳಿದರೂ ಸಾಕು. ಚಂದ್ರಗಿರಿಗೋ ಶಿರಿಯ ಹೊಳೆಗೋ ಚೀಲ ಎಸೆಯುವವರಿಗೆ ಕಾನೂನು ಇನ್ನೂ ಕಠಿಣವಾಗಿದೆ: ನೀರಿಗೆ ಕಸ ಹಾಕಿದರೆ 10,000ದಿಂದ 50,000 ರೂಪಾಯಿವರೆಗೆ ದಂಡವೂ 6 ತಿಂಗಳಿಂದ 1 ವರ್ಷದವರೆಗೆ ಸೆರೆವಾಸವೂ ಬರಬಹುದು.

ಅಡಿಕೆ ತೋಟವಿರುವವರಿಗೆ ಇನ್ನೊಂದು ಮಾತು. ಕೊಳೆರೋಗಕ್ಕೆ ಔಷಧಿ ಬಿಡುವ ಕಾಲದಲ್ಲಿ ಮೈಲುತುತ್ತಿನ ಖಾಲಿ ತೊಟ್ಟೆಗಳು ಅಂಗಳದ ತುಂಬ ಹಾರಾಡುತ್ತವೆ. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರಿನ ಲೆಕ್ಕದಲ್ಲಿ ಬೋರ್ಡೋ ದ್ರಾವಣ ಕಲಸುವಾಗಲೇ ಆ ತೊಟ್ಟೆಯನ್ನು ಲೆಕ್ಕದ ನೀರಿನಿಂದಲೇ ತೊಳೆದು ಮೈಲುತುತ್ತು ಕರಗಿಸುವ ಪಾತ್ರೆಗೆ ಸುರಿದರೆ ಔಷಧಿಯೂ ಹಾಳಾಗುವುದಿಲ್ಲ, ನೀಲಿ ನೀರು ತೋಡಿಗೂ ಇಳಿಯುವುದಿಲ್ಲ. ಕೀಟನಾಶಕ, ಕಳೆನಾಶಕಗಳ ಕ್ಯಾನುಗಳನ್ನೂ ಹಾಗೆಯೇ ಮೂರು ಸಲ ತೊಳೆದು, ತೊಳೆದ ನೀರನ್ನು ಸಿಂಪಡಿಸುವ ದ್ರಾವಣಕ್ಕೇ ಸೇರಿಸಿ, ಮತ್ತೆ ಯಾರೂ ಅದರಲ್ಲಿ ಎಣ್ಣೆ, ಮಜ್ಜಿಗೆ ತುಂಬದಂತೆ ತಳಕ್ಕೆ ತೂತು ಕೊರೆದು ಬೇರೆಯೇ ಕಟ್ಟಿಡಬೇಕು. ಇವು ಅಪಾಯಕಾರಿ ಕಸದ ಪಟ್ಟಿಗೆ ಸೇರಿದವು, ಹಾಲಿನ ತೊಟ್ಟೆಯ ಗೋಣಿಗೆ ಎಂದಿಗೂ ಬೀಳಕೂಡದು. ಗುಡ್ಡಕ್ಕೆ ಅಡ್ಡವಾಗಿ ಕೊರೆದ ಸುರಂಗದ ನೀರನ್ನೇ ಕುಡಿಯುವ ಎಣ್ಮಕಜೆ, ಬಾಯಾರು ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಗೇರು ತೋಟಗಳ ಮೇಲೆ 2000ದವರೆಗೂ ಹೆಲಿಕಾಪ್ಟರಿನಿಂದ ಸುರಿದ ಎಂಡೋಸಲ್ಫಾನ್ ಕೀಟನಾಶಕ ಏನು ಮಾಡಿತೆಂಬುದನ್ನು ಕಂಡ ಸೀಮೆಯಿದು.

ಟ್ಯೂಬ್‌ಲೈಟಿನಲ್ಲೂ ಸಿಎಫ್‌ಎಲ್ ಬಲ್ಬಿನಲ್ಲೂ ಪಾದರಸವಿರುವುದರಿಂದ ಒಡೆಯದಂತೆ ಹಳೆಯ ರಟ್ಟಿನಲ್ಲೇ ಇಡಿ. ಒಡೆದ ಗಾಜನ್ನು ದಪ್ಪ ಕಾಗದದಲ್ಲಿ ಸುತ್ತಿ, ಮೇಲೆ ದೊಡ್ಡ ಅಕ್ಷರದಲ್ಲಿ ‘ಗಾಜು’ ಎಂದು ಬರೆದು, ಕೊಡುವಾಗ ಬಾಯಲ್ಲೂ ಹೇಳಿ. ಅದನ್ನು ತೆರೆಯುವ ಕೈ ಇನ್ನೊಬ್ಬರದು. ಬ್ಯಾಟರಿ, ಅವಧಿ ಮುಗಿದ ಮದ್ದು, ಮಾತ್ರೆಯ ಹಾಳೆ, ಚಪ್ಪಲಿ, ಹಳೆಬಟ್ಟೆ ಇವನ್ನೆಲ್ಲ ತಿಂಗಳು ತಿಂಗಳೂ ಕೊಂಡೊಯ್ಯುವುದಿಲ್ಲ. ಯಾವ ತಿಂಗಳಿಗೆ ಯಾವುದು ಎಂದು ಗೊತ್ತುಮಾಡಿದ ಪಟ್ಟಿಯಿರುತ್ತದೆ, ಅದನ್ನು ವಾರ್ಡಿನ ಸದಸ್ಯರಿಂದ ಪಡೆದು ಗೋಡೆಯ ಕ್ಯಾಲೆಂಡರಿನಲ್ಲಿ ಕನ್ನಡದಲ್ಲೇ ಗುರುತು ಹಾಕಿಕೊಳ್ಳಿ. ಮಕ್ಕಳ ಡೈಪರು, ಪ್ಯಾಡುಗಳನ್ನು ಕಾಗದದಲ್ಲಿ ಸುತ್ತಿ ಪ್ರತ್ಯೇಕವಾಗಿಯೇ ಇಡಬೇಕು, ಒಣ ಪ್ಲಾಸ್ಟಿಕ್ಕಿನೊಳಗೆ ಅಡಗಿಸಿ ಕೊಡುವುದು ಮರ್ಯಾದೆಯಲ್ಲ.

ಗುಜರಿಯವನಿಗೆ ಮಾರುವ ವಿಷಯದಲ್ಲಿ ನನ್ನದೊಂದು ಅಭಿಪ್ರಾಯವಿದೆ. ಪತ್ರಿಕೆ, ಕಬ್ಬಿಣ, ಪಾತ್ರೆ ಅವನಿಗೆ ಹೋಗಲಿ, ಅದು ಹಿಂದಿನಿಂದ ಬಂದ ವ್ಯವಹಾರ. ಆದರೆ ಬೆಲೆ ಬರುವ ಕುಪ್ಪಿ, ಡಬ್ಬಿಗಳನ್ನೆಲ್ಲ ಮಾರಿಕೊಂಡು, ಯಾರಿಗೂ ಬೇಡದ ಚಿಪ್ಸಿನ ಪೊಟ್ಟಣಗಳನ್ನು ಮಾತ್ರ ಸೇನೆಯವರ ಕೈಗೆ ಕೊಡುವುದು ನನಗೆ ಸರಿಕಾಣುವುದಿಲ್ಲ. ಆ ಅಕ್ಕಂದಿರ ಸಂಪಾದನೆಯ ಒಂದು ಪಾಲು ಅಂಥ ಸಾಮಾನು ಮಾರಿದ ಹಣವೇ.

ಅಂಗಡಿ, ಹೋಟೆಲು ನಡೆಸುವವರಿಗೆ ಶುಲ್ಕವೂ ಹೆಚ್ಚು, ಜವಾಬ್ದಾರಿಯೂ ಹೆಚ್ಚು. ಒಂದು ಸಲ ಬಳಸಿ ಎಸೆಯುವ ಪ್ಲಾಸ್ಟಿಕ್ಕನ್ನು ಕೇರಳ 2020ರ ಜನವರಿ 1ರಿಂದ ನಿಷೇಧಿಸಿತು. ತಲಪಾಡಿಯ ಆಚೆ ಕರ್ನಾಟಕದಲ್ಲಿ 2016ರಲ್ಲೇ ನಿಷೇಧ ಬಂದಿತ್ತು. ಹಾಗಿದ್ದರೂ ಗಡಿಯಾಚೆಯಿಂದ ಕಟ್ಟುಗಟ್ಟಲೆ ಕ್ಯಾರಿಬ್ಯಾಗ್ ತಂದಿಟ್ಟು ‘ಇದು ಅಲ್ಲಿಯದು’ ಎನ್ನುವ ವ್ಯಾಪಾರಿಗಳಿದ್ದಾರೆ, ಆ ಸಮಜಾಯಿಷಿ ಎರಡೂ ಕಡೆ ನಡೆಯುವುದಿಲ್ಲ. ಕೇರಳದ ಪಟ್ಟಿಯಲ್ಲಿ ಒಳಗೆ ಪ್ಲಾಸ್ಟಿಕ್ ಲೇಪವಿರುವ ಕಾಗದದ ಲೋಟ, ತಟ್ಟೆಗಳೂ 500 ಮಿಲಿಲೀಟರಿಗಿಂತ ಚಿಕ್ಕ ನೀರಿನ ಕುಪ್ಪಿಗಳೂ ಸೇರಿವೆಯೆಂಬುದು ಮದುವೆ, ಉಪನಯನ, ತಂಬಿಲಗಳಿಗೆ ಸಾಮಾನಿನ ಚೀಟಿ ಬರೆಯುವವರಿಗೆ ಗೊತ್ತಿರಲಿ. ಬಾಳೆಲೆ, ಹಾಳೆತಟ್ಟೆ, ಸ್ಟೀಲಿನ ಲೋಟ ನಮ್ಮಲ್ಲಿಗೆ ಸಾಲದೆ? ನೂರಕ್ಕಿಂತ ಹೆಚ್ಚು ಜನ ಸೇರುವ ಕಾರ್ಯಕ್ರಮಕ್ಕೆ ಕನಿಷ್ಠ ಮೂರು ಕೆಲಸದ ದಿನ ಮುಂಚೆ ಪಂಚಾಯತಿಗೆ ತಿಳಿಸಬೇಕೆಂದು 2016ರ ನಿಯಮದಲ್ಲೇ ಇತ್ತು. ಆಗಲೇ ಸೇನೆಯವರೊಡನೆ ಮಾತಾಡಿಕೊಂಡರೆ ಮರುದಿನ ಚಪ್ಪರದಡಿಯ ಕುಪ್ಪಿ, ತೊಟ್ಟೆಗಳಿಗೆ ದಾರಿಯಾಗುತ್ತದೆ. ಎಂಜಲೆಲೆಯ ಬುಟ್ಟಿಯ ಪಕ್ಕದಲ್ಲೇ ಕುಪ್ಪಿಗೊಂದು ಬುಟ್ಟಿ ಇಟ್ಟು, ಹತ್ತಿರ ಒಬ್ಬ ಹುಡುಗನನ್ನು ನಿಲ್ಲಿಸಿ. ಬರಿಯ ಫಲಕ ತೂಗಿಸಿದರೆ ಊಟ ಮುಗಿಸಿ ಏಳುವ ಗಡಿಬಿಡಿಯಲ್ಲಿ ಯಾರೂ ಓದುವುದಿಲ್ಲ.

ಮನೆಗೆ ಬೀಗ ಹಾಕಿ ಮಂಗಳೂರಿಗೋ ಬೆಂಗಳೂರಿಗೋ ಮಕ್ಕಳ ಬಳಿ ಹೋಗಿ ತಿಂಗಳುಗಟ್ಟಲೆ ನಿಲ್ಲುವ ಹಿರಿಯರು, ಹೊರಡುವ ಮೊದಲು ತುಂಬಿದ ಗೋಣಿಯ ಬಾಯಿ ಕಟ್ಟಿ ಶುಲ್ಕದ ಹಣದೊಂದಿಗೆ ನೆರೆಮನೆಯಲ್ಲಿ ಕೊಟ್ಟು, ಸೇನೆಯವರಿಗೂ ಒಂದು ಮಾತು ಹೇಳಿ ಹೋಗಬೇಕು. ಜಗಲಿಯಲ್ಲಿ ಬಿಟ್ಟುಹೋದ ಗೋಣಿಯನ್ನು ಇಲಿಗಳು ಹರಿದು ಅಂಗಳಕ್ಕೆ ಹರಡಲು ಒಂದು ವಾರ ಬೇಕಿಲ್ಲ.