ಫಿಟ್ಸ್ ಇರುವವರಿಗೆ ಅಂಗವಿಕಲ ಪಿಂಚಣಿ: ಅರ್ಜಿ ಹಾಕುವ ಮುಂಚೆ ಫೈಲ್ ಸರಿ ಮಾಡಿಕೊಳ್ಳಿ

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ಬೇಜಾರಾಗಬಾರದು. ಫಿಟ್ಸ್ ಇದೆ ಅಂದ ಮಾತ್ರಕ್ಕೆ ಪಿಂಚಣಿ ಬರುವುದಿಲ್ಲ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯಗಳ ಪಟ್ಟಿ ಇದೆ. ಅದರಲ್ಲಿ ಮೂರ್ಛೆ ರೋಗದ ಹೆಸರಿಲ್ಲ. ಆದರೆ ದೀರ್ಘಕಾಲದ ನರರೋಗ ಅನ್ನೋ ವರ್ಗ ಇದೆ, ಬೌದ್ಧಿಕ ಅಂಗವೈಕಲ್ಯ ಇದೆ, ಸೆರೆಬ್ರಲ್ ಪಾಲ್ಸಿ (ಮೆದುಳಿನ ತೊಂದರೆಯಿಂದ ಕೈಕಾಲು ಹಿಡಿತಕ್ಕೆ ಸಿಗದಿರುವುದು) ಇದೆ, ಮಾನಸಿಕ ಅಸ್ವಸ್ಥತೆ ಇದೆ. ನಿಮ್ಮ ಮನೆಯವರ ಫಿಟ್ಸ್ ಜೊತೆಗೆ ಇದರಲ್ಲಿ ಏನು ಸೇರಿದೆ, ಅದರಿಂದ ದಿನನಿತ್ಯದ ಬದುಕು ಎಷ್ಟು ಕೆಟ್ಟಿದೆ ಅನ್ನೋದನ್ನು ನೋಡಿ ಡಾಕ್ಟರು ಪರ್ಸೆಂಟೇಜ್ ಕೊಡುತ್ತಾರೆ. ಶೇಕಡಾ 40 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಸೌಲಭ್ಯಗಳ ಬಾಗಿಲು ತೆರೆಯುತ್ತದೆ.

ಹಾಗಾಗಿ ಮಗು ಹುಟ್ಟಿದಾಗ ಅಳಲಿಲ್ಲ, ನಡೆದಿದ್ದು ತಡ, ಮಾತು ತಡ, ಓದು ಹತ್ತಲಿಲ್ಲ ಅನ್ನೋ ವಿಷಯ ಇದ್ದರೆ ದಯವಿಟ್ಟು ಮುಚ್ಚಿಡಬೇಡಿ. ನಮ್ಮ ಕೋಲಾರ, ಚಿಕ್ಕಬಳ್ಳಾಪುರದ ಕಡೆ ತುಂಬಾ ತಂದೆತಾಯಿ ಫಿಟ್ಸ್ ಬಗ್ಗೆ ಮಾತ್ರ ಹೇಳಿ ಉಳಿದದ್ದನ್ನು ನಾಚಿಕೆಯಿಂದ ಹೇಳುವುದೇ ಇಲ್ಲ. ಪರ್ಸೆಂಟೇಜ್ ಬರೋದು ಆ ಉಳಿದದ್ದರಿಂದಲೇ ಆಗಿರಬಹುದು.

ಇನ್ನು ಫೈಲ್ ವಿಷಯ. ಕಾಲು ಇಲ್ಲದವರನ್ನು ನೋಡಿದ ತಕ್ಷಣ ಗೊತ್ತಾಗುತ್ತದೆ. ಫಿಟ್ಸ್ ಇರುವವರು ಡಾಕ್ಟರ್ ಮುಂದೆ ಚೆನ್ನಾಗಿ ನಡೆದು ಬಂದು, ಹೆಸರು ಊರು ಹೇಳಿ, ಕುರ್ಚಿಯಲ್ಲಿ ಕೂರುತ್ತಾರೆ. ಅವತ್ತು ಫಿಟ್ಸ್ ಬರುವುದಿಲ್ಲ. ಇವರಿಗೇನಾಗಿದೆ ಅಂತ ಅನ್ನಿಸುವುದು ಸಹಜ ಅಲ್ವಾ? ಅದಕ್ಕೆ ಉತ್ತರ ಕೊಡಬೇಕಾದದ್ದು ನಿಮ್ಮ ಕೈಯಲ್ಲಿರುವ ಕಾಗದ.

ಹಳೆ ಓಪಿ ಚೀಟಿ, ಇಇಜಿ (ಮೆದುಳಿನ ವಿದ್ಯುತ್ ಅಲೆಗಳ ಪರೀಕ್ಷೆ), ಎಂಆರ್‌ಐ ರಿಪೋರ್ಟ್, ಡಿಸ್ಚಾರ್ಜ್ ಸಮರಿ, ಮಾತ್ರೆ ತಗೊಂಡ ಬಿಲ್ಲು, ಎಲ್ಲವನ್ನೂ ತಾರೀಖಿನ ಪ್ರಕಾರ ಜೋಡಿಸಿ. ಎರಡು ಸೆಟ್ ಜೆರಾಕ್ಸ್ ಮಾಡಿಸಿ, ಒರಿಜಿನಲ್ ಯಾರ ಕೈಯಲ್ಲೂ ಬಿಟ್ಟು ಬರಬೇಡಿ. ಇದರ ಜೊತೆಗೆ ಒಂದು ನೋಟ್‌ಬುಕ್ ಬೇಕೇ ಬೇಕು. ಫಿಟ್ಸ್ ಬಂದ ಪ್ರತಿ ಸಲ ಮನೆಯವರು ಅದರಲ್ಲಿ ಹೀಗೆ ಬರೆಯಬೇಕು: "ಮಂಗಳವಾರ ಬೆಳಿಗ್ಗೆ ಆರೂವರೆ. ಹಲ್ಲುಜ್ಜುತ್ತಿದ್ದಾಗ ಬಿದ್ದ. ಮೊದಲು ಎಡಗೈ ಎಳೆಯಿತು, ಆಮೇಲೆ ಇಡೀ ಮೈ. ಸುಮಾರು ಎರಡು ನಿಮಿಷ. ನಾಲಿಗೆ ಕಚ್ಚಿಕೊಂಡ, ಬಟ್ಟೆಯಲ್ಲೇ ಮೂತ್ರ ಆಯಿತು. ಹತ್ತು ಗಂಟೆವರೆಗೂ ಮಂಕಾಗಿ ಮಲಗಿದ್ದ, ಕೆಲಸಕ್ಕೆ ಹೋಗಲಿಲ್ಲ. ಹಿಂದಿನ ರಾತ್ರಿ ಮಾತ್ರೆ ತಗೊಂಡಿದ್ದ." ಆ ಕೊನೆಯ ವಾಕ್ಯ ಮರೆಯಬೇಡಿ. ಮಾತ್ರೆ ಬಿಟ್ಟಿದ್ದಕ್ಕೆ ಬಂದ ಫಿಟ್ಸ್ ಬೇರೆ, ಸರಿಯಾಗಿ ತಗೊಂಡರೂ ಬರುವ ಫಿಟ್ಸ್ ಬೇರೆ. ಇನ್ನೊಬ್ಬರು ಹತ್ತಿರ ಇದ್ದರೆ ಮೊಬೈಲಿನಲ್ಲಿ ವಿಡಿಯೋ ಮಾಡಿಕೊಳ್ಳಲಿ, ಕಾಯಿಲೆ ಯಾವ ಬಗೆಯದು ಅಂತ ತಿಳಿಯೋಕೆ ನರರೋಗ ತಜ್ಞರಿಗೆ ಅದು ತುಂಬಾ ಸಹಾಯ ಆಗುತ್ತದೆ.

ಏನೇನು ಕೆಲಸ ಮಾಡೋಕೆ ಆಗುತ್ತಿಲ್ಲ ಅಂತಲೂ ಒಂದು ಹಾಳೆಯಲ್ಲಿ ಬರೆಯಿರಿ. "ಕಷ್ಟ ಆಗ್ತಿದೆ ಸಾರ್" ಅಂದರೆ ಸಾಲದು. ಶಿಡ್ಲಘಟ್ಟದ ಕಡೆಯವರಾದರೆ ರೇಷ್ಮೆ ರೀಲಿಂಗ್‌ನಲ್ಲಿ ಬಿಸಿನೀರಿನ ಮುಂದೆ ಕೂರಿಸುವುದಿಲ್ಲ ಅಂತ ಬರೆಯಿರಿ. ತೋಟಕ್ಕೆ ಹೋದರೆ ಕೃಷಿ ಹೊಂಡದ ಹತ್ತಿರ ಒಬ್ಬರನ್ನೇ ಬಿಡುವ ಹಾಗಿಲ್ಲ, ಒಲೆ ಮುಂದೆ ಬಿಡುವ ಹಾಗಿಲ್ಲ, ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ಯಾರಾದರೂ ನಿಂತಿರಬೇಕು, ಗಾಡಿ ಓಡಿಸುವ ಹಾಗಿಲ್ಲ. ಪರ್ಸೆಂಟೇಜ್ ನಿರ್ಧರಿಸುವ ಆಸ್ಪತ್ರೆಯ ಮೆಡಿಕಲ್ ಬೋರ್ಡಿಗೆ ಹೋಗುವಾಗ ಫಿಟ್ಸ್ ಕಣ್ಣಾರೆ ನೋಡಿದವರೇ ಜೊತೆಗೆ ಹೋಗಬೇಕು, ಯಾಕೆಂದರೆ ಬಿದ್ದವರಿಗೆ ಬಿದ್ದಿದ್ದೇ ನೆನಪಿರುವುದಿಲ್ಲ.

ಮತ್ತೊಂದು ಮಾತು, ಕೈಮುಗಿದು ಕೇಳುತ್ತೇನೆ. ಡಾಕ್ಟರ್ ಮುಂದೆ ಫಿಟ್ಸ್ ಬರಲಿ ಅಂತ ಮಾತ್ರೆ ನಿಲ್ಲಿಸಬೇಡಿ. ಯಾರೇ ಹೇಳಿದರೂ ಬೇಡ. ಇದ್ದಕ್ಕಿದ್ದಂತೆ ಮಾತ್ರೆ ಬಿಟ್ಟರೆ ಫಿಟ್ಸ್ ನಿಲ್ಲದೆ ಒಂದರ ಹಿಂದೆ ಒಂದು ಬಂದು ಜೀವಕ್ಕೇ ಅಪಾಯ ಆಗಬಹುದು.

ದಾಖಲೆಯೇ ಇಲ್ಲದವರು, ನಾಟಿ ಔಷಧಿಯಲ್ಲೇ ಇದ್ದವರು, ಮೊದಲು ಸರ್ಕಾರಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಶುರು ಮಾಡಿ. ನಮ್ಮ ಭಾಗಕ್ಕೆ ಒಂದು ಅನುಕೂಲ ಇದೆ. ಬೆಂಗಳೂರಿನ ಮನೋರೋಗ, ನರರೋಗಗಳ ದೊಡ್ಡ ಆಸ್ಪತ್ರೆ ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರದ ಮೆದುಳು ಆರೋಗ್ಯ ಕಾರ್ಯಕ್ರಮ 2022ರಲ್ಲಿ ಪ್ರಯೋಗವಾಗಿ ಶುರುವಾದಾಗ ಆರಿಸಿಕೊಂಡ ಜಾಗಗಳಲ್ಲಿ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಇದ್ದವು. ಕೋಲಾರದ ಎಸ್‌ಎನ್‌ಆರ್ ಆಸ್ಪತ್ರೆಯಲ್ಲಾಗಲಿ ಚಿಕ್ಕಬಳ್ಳಾಪುರದ ಜಿಲ್ಲಾ ಆಸ್ಪತ್ರೆಯಲ್ಲಾಗಲಿ ಮೆದುಳು ಕ್ಲಿನಿಕ್ ಯಾವ ದಿನ ಅಂತ ವಿಚಾರಿಸಿ. ಅಲ್ಲಿಂದ ಬೇಕಾದರೆ ನಿಮ್ಹಾನ್ಸ್‌ಗೆ ಬರೆದುಕೊಡುತ್ತಾರೆ.

ಈಗ ಅರ್ಜಿ. ಅಂಗವೈಕಲ್ಯ ಸರ್ಟಿಫಿಕೇಟಿಗೂ ಯುಡಿಐಡಿ ಕಾರ್ಡಿಗೂ (ಅಂಗವಿಕಲರ ಗುರುತಿನ ಚೀಟಿ) ಸ್ವಾವಲಂಬನ್ ವೆಬ್‌ಸೈಟಿನಲ್ಲಿ ಹಾಕಬೇಕು. ಆಧಾರ್, ಫೋಟೋ, ವಿಳಾಸದ ದಾಖಲೆ, ಸಹಿ ಅಥವಾ ಹೆಬ್ಬೆಟ್ಟು ಸಾಕು. ನಿಮಗೆ ಬರದಿದ್ದರೆ ಸುಮ್ನೆ ಏಜೆಂಟಿಗೆ ದುಡ್ಡು ಕೊಡಬೇಡಿ. ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಅಂತ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ, ತಾಲ್ಲೂಕಿಗೆ ಎಂಆರ್‌ಡಬ್ಲ್ಯೂ ಇರುತ್ತಾರೆ. ಇಂಥ ಅರ್ಜಿಗೆ ಸಹಾಯ ಮಾಡೋದೇ ಅವರ ಕೆಲಸ. ಅರ್ಜಿ ಹಾಕಿದ ಮೇಲೆ ಬರುವ ನಂಬರ್ ಬರೆದಿಟ್ಟುಕೊಳ್ಳಿ, ಬೋರ್ಡ್ ಯಾವ ವಾರ ಕೂರುತ್ತದೆ ಅಂತ ಆಸ್ಪತ್ರೆಯಲ್ಲಿ ಕೇಳಿಕೊಂಡೇ ಹೊರಡಿ. ಕಾರ್ಡಿನಲ್ಲಿ ಬಣ್ಣ ನೋಡಿ: 40ಕ್ಕಿಂತ ಕಡಿಮೆ ಇದ್ದರೆ ಬಿಳಿ, 40ರಿಂದ 80ರ ಒಳಗಿದ್ದರೆ ಹಳದಿ, 80 ಮತ್ತು ಮೇಲೆ ನೀಲಿ.

ಕಾರ್ಡ್ ಬಂದರೆ ಪಿಂಚಣಿ ತಾನಾಗೇ ಬರುತ್ತದೆ ಅಂತ ಕೂತವರು ಜಾಸ್ತಿ. ಬರುವುದಿಲ್ಲ. ಅದು ಕಂದಾಯ ಇಲಾಖೆಯದು, ನಾಡಕಚೇರಿಯಲ್ಲಿ ಬೇರೆ ಅರ್ಜಿ ಹಾಕಬೇಕು. ಆದಾಯ ಪ್ರಮಾಣಪತ್ರ ಮೊದಲೇ ಮಾಡಿಸಿ. ಕುಟುಂಬದ ವರ್ಷದ ಆದಾಯ 32,000 ರೂಪಾಯಿ ದಾಟಬಾರದು. ಶೇಕಡಾ 40 ಮತ್ತು ಮೇಲಿದ್ದವರಿಗೆ ತಿಂಗಳಿಗೆ 800, 75 ದಾಟಿದವರಿಗೆ 1,400 ರೂಪಾಯಿ. ಕಡಿಮೆಯೇ, ಆದರೆ ತಿಂಗಳ ಮಾತ್ರೆಗಾದರೂ ಆಗುತ್ತದೆ. ದುಡ್ಡು ಆಧಾರ್ ಜೋಡಣೆಯಾದ ಖಾತೆಗೇ ಬೀಳೋದು, ಹಾಗಾಗಿ ಬ್ಯಾಂಕಿಗೆ ಹೋಗಿ ಎನ್‌ಪಿಸಿಐ ಮ್ಯಾಪಿಂಗ್ (ಸರ್ಕಾರದ ಹಣ ಯಾವ ಖಾತೆಗೆ ಬೀಳಬೇಕು ಅನ್ನೋ ಆಧಾರ್ ಜೋಡಣೆ) ಆಗಿದೆಯಾ ಅಂತ ಕೇಳಿ. ಮಂಜೂರಾಗಿಯೂ ಹಣ ಬರಲಿಲ್ಲ ಅಂದರೆ ಮೊದಲು ನೋಡಬೇಕಾದದ್ದು ಇದನ್ನೇ.

ಶೇಕಡಾ 40 ಮತ್ತು ಮೇಲಿದ್ದವರಿಗೆ ಕೆಎಸ್‌ಆರ್‌ಟಿಸಿ ರಿಯಾಯಿತಿ ಪಾಸೂ ಇದೆ, ವರ್ಷಕ್ಕೆ 660 ರೂಪಾಯಿ, ಮನೆಯಿಂದ 100 ಕಿಲೋಮೀಟರ್‌ವರೆಗೆ. ಕೋಲಾರದಿಂದಲೂ ಚಿಕ್ಕಬಳ್ಳಾಪುರದಿಂದಲೂ ಬೆಂಗಳೂರು ಆ ದೂರದ ಒಳಗೇ ಬರುತ್ತದೆ. ಸೆರೆಬ್ರಲ್ ಪಾಲ್ಸಿ ಅಥವಾ ಬೌದ್ಧಿಕ ಅಂಗವೈಕಲ್ಯ ಅಂತ ಸರ್ಟಿಫಿಕೇಟಿನಲ್ಲಿ ಬರೆದಿದ್ದರೆ ಕೇಂದ್ರ ಸರ್ಕಾರದ ನ್ಯಾಷನಲ್ ಟ್ರಸ್ಟ್‌ನ ನಿರಾಮಯ ಆರೋಗ್ಯ ವಿಮೆಗೂ ಹಾಕಿ, 1 ಲಕ್ಷ ರೂಪಾಯಿವರೆಗೆ ಇದೆ.

ಪರ್ಸೆಂಟೇಜ್ ಕಡಿಮೆ ಕೊಟ್ಟರೆ, ಅರ್ಜಿ ತಳ್ಳಿಹಾಕಿದರೆ, ಕಾರಣವನ್ನು ಬರಹದಲ್ಲಿ ಕೇಳಿ. ಕಾಯ್ದೆಯ ಸೆಕ್ಷನ್ 59ರಲ್ಲಿ ಮೇಲ್ಮನವಿಗೆ ಅವಕಾಶ ಇದೆ. ಎಲ್ಲಿ ಸಲ್ಲಿಸಬೇಕು ಅಂತ ಜಿಲ್ಲಾ ಅಂಗವಿಕಲರ ಕಲ್ಯಾಣಾಧಿಕಾರಿ ಕಚೇರಿಯಲ್ಲಿ ಕೇಳಿ, ನೋಟ್‌ಬುಕ್ಕಿನ ಜೆರಾಕ್ಸ್ ಜೊತೆಗಿಡಿ. ಇನ್ನು ಸರ್ಟಿಫಿಕೇಟ್ ತಾತ್ಕಾಲಿಕ ಅಂತ ಕೊಟ್ಟಿದ್ದರೆ ಮುಗಿಯುವ ತಾರೀಖನ್ನು ಮನೆ ಕ್ಯಾಲೆಂಡರಿನಲ್ಲಿ ಗುರುತು ಹಾಕಿ, ಎರಡು ಮೂರು ತಿಂಗಳ ಮುಂಚೆಯೇ ನವೀಕರಣಕ್ಕೆ ಓಡಾಡಲು ಶುರು ಮಾಡಿ.